ಬಾಗಿಲಾಚೆ ಬಿಟ್ಟ ಬೂಟುಗಳು

ಒಂಟಾರಿಯೊ ಸರೋವರದ ಈ ದಂಡೆಯಲ್ಲಿ ಒಶಾವಾದಿಂದ ಸ್ಟ್ರೀಟ್ಸ್‌ವಿಲ್‌ವರೆಗೆ ಎಷ್ಟು ಕನ್ನಡದ ಮನೆಗಳಿವೆಯೋ ಅಷ್ಟರಲ್ಲೂ ನಾನು ಒಮ್ಮೆಯಾದರೂ ಯಾರನ್ನಾದರೂ ಬಕರಾ ಮಾಡಿದ್ದೇನೆ. ಗೃಹಪ್ರವೇಶಕ್ಕೆ ಹೋದಲ್ಲಿ ಯಜಮಾನನಿಗೆ ಫೋನು ಮಾಡಿ, ಸಿಟಿ ಆಫೀಸಿನವರ ದನಿಯಲ್ಲಿ, ನಿಮ್ಮ ಹೋಮದ ಹೊಗೆಯ ಬಗ್ಗೆ ಕಂಪ್ಲೇಂಟು ಬಂದಿದೆ ಎಂದು ಬೆವರಿಳಿಸಿದವನು ನಾನೇ. ಒಶಾವಾದ ಕಾರು ಕಾರ್ಖಾನೆಯಲ್ಲಿ ನೌಕರಿ ಪೂರ್ತಿ ಬಾಗಿಲು ಕೂಡಿಸುವ ಲೈನಿನಲ್ಲಿ ನಿಂತವನು. ಇಲ್ಲಿಯ ಹೆದ್ದಾರಿಗಳಲ್ಲಿ ಓಡುವ ಯಾವ ಕಾರಿನ ಬಾಗಿಲು ಬಡಿದರೂ ಅದು ನನಗೆ ನಮಸ್ಕಾರ ಹೇಳಿದಂತೆ ಕೇಳುತ್ತದೆ. ಇಂಥ ನನ್ನನ್ನು ಒಂದು ಸಂಜೆ ಒಂದು ಗಾಜಿನ ಬಾಗಿಲು ಒಳಗೇ ಹಿಡಿದು ನಿಲ್ಲಿಸಿತು. ಅದರ ಕತೆ ಇದು.

ತೊಂಬತ್ತರ ದಶಕದ ಕೊನೆ. ನಯಾಗರಾದಲ್ಲಿ ಕೆಸಿನೊ ಹೊಸದಾಗಿ ಶುರುವಾಗಿತ್ತು. ನಾನು ರಿಟೈರಾಗಿದ್ದೆ. ಆ ಚಳಿಗಾಲ ನನ್ನ ಹೆಂಡತಿಯ ಅಕ್ಕ ಧಾರವಾಡದಿಂದ ಮಗಳ ಬಾಣಂತನಕ್ಕೆ ಥಾರ್ನ್‌ಹಿಲ್‌ಗೆ ಬಂದಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತೇವೆ. ಹಾಗಾಗಿ ಊರಿಗೆಲ್ಲ ಅಕ್ಕೋರು, ನನಗೂ ಅಕ್ಕೋರು. ಅವರು ನನ್ನನ್ನು ಕರೆಯುವುದು ಸಾಹೇಬ್ರ ಎಂದು. ಆ ಕರೆಯಲ್ಲಿ ಮರ್ಯಾದೆ ಎಷ್ಟು, ಕುಚೋದ್ಯ ಎಷ್ಟು ಎಂದು ನಾನು ಕೇಳಲು ಹೋಗಿಲ್ಲ.

ಮಗಳ ಮನೆ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಾಳಿಗೆಯಲ್ಲಿತ್ತು. ಬಂದ ವಾರವೇ ಹಿಮ ಬಿತ್ತು. ಅಳಿಯ ಮೈಸೂರಿನ ಹುಡುಗ, ಸಾಫ್ಟ್‌ವೇರಿನವನು, ತುಂಬ ಒಳ್ಳೆಯವನು. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಕಷ್ಟ. "ಅತ್ತೆ, ನಿಮ್ದು ವಿಸಿಟರ್ ಇನ್ಶುರೆನ್ಸು. ಐಸ್ ಮೇಲೆ ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ಅವ್ರು ಒಂದು ಪೈಸೆ ಕೊಡಲ್ಲ. ದಯವಿಟ್ಟು ಕೆಳಗಿಳೀಬೇಡಿ" ಎಂದು ಬಿಟ್ಟ. ಅಲ್ಲಿಗೆ ಮುಗಿಯಿತು. ಕೂಸಿಗೆ ಎಣ್ಣೆ, ನೀರು, ಲೋಬಾನ. ಬಾಣಂತಿಗೆ ಅಳವಿ ಬೀಜದ ಪಾಯಸ. ಉಳಿದ ಹೊತ್ತು ಕಿಟಕಿ. ನಾವು ನೋಡಲು ಹೋದಾಗಲೆಲ್ಲ ಅಕ್ಕೋರು ಸ್ಟೀಲ್ಸ್ ರಸ್ತೆಯ ಮೇಲಿನ ಬಸ್ಸುಗಳನ್ನು ಮೇಲಿನಿಂದ ನೋಡುತ್ತಾ ನಿಂತಿರುತ್ತಿದ್ದರು.

ಅವರು ಕೇಳಿದ್ದು ಒಂದೇ. "ನಾ ಊರಿಗೆ ಹೋಗೂದ್ರೊಳಗ ನಯಾಗರಾ ಒಂದ್ ತೋರಿಸಿಬಿಡ್ರಿ."

"ಬೇಸಿಗೆ ಬರ್ಲಿ ಅತ್ತೆ, ಆರಾಮಾಗಿ ಹೋಗೋಣ" ಎಂದ ಅಳಿಯ. ಅವರ ಟಿಕೆಟ್ಟು ಬೇಸಿಗೆಗಿಂತ ಮೊದಲಿತ್ತು. ಅದನ್ನು ಬುಕ್ ಮಾಡಿದವನೂ ಅವನೇ.

ನನಗೆ ಅವರು ಕಾರಣವನ್ನು ಅಡಿಗೆಮನೆಯಲ್ಲಿ ಹೇಳಿದರು. "ಸರ್ವಿಸ್ ಪೂರ್ತಿ ಕಲಿಸೀನ್ರಿ ಅದನ್ನ. ಬೋರ್ಡಿನ ಮ್ಯಾಲೆ ಕುದುರಿ ಲಾಳದಂಗ ಗೆರಿ ಎಳದು, ಇಲ್ಲಿಂದ ನೀರು ಬೀಳತೈತಿ ಅಂತ. ಪ್ರತಿ ವರ್ಷ ಒಬ್ಬಾಕಿ ಎದ್ದು ನಿಂತು ಕೇಳತಿದ್ಲು, ಅಕ್ಕೋರ, ನೀವು ನೋಡೀರೇನ್ರಿ ಅಂತ. ನಕಾಶೆಯೊಳಗ ನೋಡೀನಿ, ಕೂಡು ಅಂತಿದ್ದೆ. ಇಷ್ಟು ಹತ್ರ ಬಂದೂ ನೋಡಲಾರದ ಹೋದ್ರ, ಅಷ್ಟೂ ಹುಡುಗ್ಯಾರಿಗೆ ಸುಳ್ಳು ಹೇಳಿದಂಗ ಆಗತೈತಿ."

ನಾನು ಎದೆ ತಟ್ಟಿಕೊಂಡೆ. ನನಗೆ ಆಗ ಕಣ್ಣಿನ ಆಪರೇಷನ್ನಾಗಿ, ಡಾಕ್ಟರು ಸ್ಟೀರಿಂಗು ಮುಟ್ಟಬೇಡ ಎಂದಿದ್ದರು. ಆದರೆ ನನ್ನ ಹತ್ತಿರ ಬ್ರಹ್ಮಾಸ್ತ್ರವಿತ್ತು. ಹತ್ತಿರದ ಶಾಪಿಂಗ್ ಪ್ಲಾಜಾದ ಮುಂದಿನಿಂದ ಕೆಸಿನೊಗೆ ಬಸ್ಸು ಹೋಗುತ್ತಿತ್ತು, ವಯಸ್ಸಾದವರಿಗೆ ಪುಕ್ಕಟೆ. ವಾರದ ನಡುವೆ ಹೋದರೆ ಒಂದು ರಾತ್ರಿಯ ಕೋಣೆಯ ಕೂಪನ್ನೂ ಸಿಗುತ್ತಿತ್ತು. "ಅಲ್ಲೆ ನನ್ನ ಗುರುತು ಇಲ್ಲದ ಗೋಡಿ ಇಲ್ಲ. ಒಂದು ಡಾಲರ್ ಆಡೂದಿಲ್ಲ, ಅವರ ಬಸ್ಸು, ಅವರ ಕ್ವಾಣಿ, ನಮ್ಮ ನಯಾಗರಾ" ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಆಕೆಗೆ ನನ್ನ ಎದೆ ತಟ್ಟುವ ಸಪ್ಪಳದ ಅನುಭವ ಜಾಸ್ತಿ.

ಅಳಿಯನನ್ನು ಒಪ್ಪಿಸುವುದರೊಳಗೆ ಮಾರ್ಚ್ ಬಂತು. ಅಕ್ಕೋರಿಗೆ ಮಗಳ ಬೂಟು, ಅಳಿಯನ ಕೋಟು. ಲಿಫ್ಟಿನವರೆಗೆ ಬಂದು ಅವನು ನನಗೆ ಹೇಳಿದ: "ಅಂಕಲ್, ಒಂದು ನಿಮಿಷಾನೂ ಒಬ್ರನ್ನೇ ಬಿಡಬೇಡಿ."

ಬಸ್ಸು ಹತ್ತಿದ್ದು ಬೆಳಿಗ್ಗೆ. ಒಳಗೆ ಚೀನೀ ಅಜ್ಜಂದಿರು, ಇಟಾಲಿಯನ್ ಅಜ್ಜಿಯರು, ಪಂಜಾಬಿ ಹೆಂಗಸರು. ಎಲ್ಲರ ಮಡಿಲಲ್ಲೂ ಊಟದ ಡಬ್ಬಿ. ಯಾರೂ ಹೊರಗೆ ನೋಡುತ್ತಿರಲಿಲ್ಲ. ಅಕ್ಕೋರು ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತು ಹ್ಯಾಮಿಲ್ಟನ್ನಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳನ್ನು, ಎತ್ತರದ ಸೇತುವೆಯ ಕೆಳಗಿನ ಸರೋವರವನ್ನು ನೋಡಿ, "ಇದು ಒಂಟಾರಿಯೊ ಸರೋವರದ ಪಶ್ಚಿಮದ ತುದಿ" ಎಂದು ತಮಗೇ ಪಾಠ ಮಾಡಿಕೊಳ್ಳುತ್ತಿದ್ದರು.

ಸುಮ್ಮನಿರಲು ನನಗೆ ಬರುವುದಿಲ್ಲ. ಆಚೆ ಸೀಟಿನಲ್ಲಿ ದಪ್ಪನೆಯ ಪಂಜಾಬಿ ಬೀಬಿಯೊಬ್ಬರಿದ್ದರು. ಅವರ ಕಡೆ ಬಾಗಿ ನನ್ನ ಕಾರ್ಖಾನೆ ಹಿಂದಿಯಲ್ಲಿ ಹೇಳಿದೆ, ಈ ಕನ್ನಡಕದ ಅಮ್ಮ ನಮ್ಮ ನಾಡಿನ ದೊಡ್ಡ ಜ್ಯೋತಿಷಿ, ಕೆಸಿನೊದಲ್ಲಿ ಯಾವ ಜೂಜಿನ ಮಿಷನ್ನು ಕಾಸು ಉದುರಿಸುತ್ತದೆ ಎಂದು ನೋಡಿದ ಕೂಡಲೇ ಹೇಳುತ್ತಾರೆ, ಆದರೆ ಯಾರಿಗೂ ಬಾಯಿ ಬಿಡುವುದಿಲ್ಲ. ಬೀಬಿ ಕೂಡಲೇ ಡಬ್ಬಿ ತೆಗೆದು ಅಕ್ಕೋರಿಗೆ ಗರಿಗರಿ ಖಾರದ ಮಠರಿ ಕೊಟ್ಟರು. ಆಮೇಲೆ ತಮ್ಮ ಅಂಗೈಯನ್ನೂ ಚಾಚಿದರು.

ಅಕ್ಕೋರು ನನ್ನ ಕಡೆ ತಿರುಗಿದರು. "ಏನ್ ಹೇಳೀರಿ ಈಕಿಗೆ?"

"ನೀವು ಭೂಗೋಳ ಕಲಸ್ತಿದ್ರಿ ಅಂತ ಹೇಳ್ದೆ."

"ಭೂಗೋಳ ಕಲಿಸಿದೋರಿಗೆ ಯಾರರೆ ಅಂಗೈ ತೋರಸ್ತಾರೇನ್ರಿ?"

"ಪಂಜಾಬಿನ್ಯಾಗ ತೋರಸ್ತಾರ. ಐದು ನದಿ ಅದಾವಲ್ಲ."

ಹೆಂಡತಿ ನಕ್ಕಳು. ಅಕ್ಕೋರು ಬೀಬಿಯ ಅಂಗೈಯನ್ನು ಮೆತ್ತಗೆ ಮುಚ್ಚಿ, ಮಠರಿ ತಿಂದು, ಮತ್ತೆ ಕಿಟಕಿಗೆ ಹಣೆ ಹಚ್ಚಿದರು.

ಊರು ಬಂತು. ಕಟ್ಟಡಗಳ ಸಂದಿಯಲ್ಲಿ ಬೆಳ್ಳಗಿನ ಮೋಡವೊಂದು ನೆಲದಿಂದ ಎದ್ದು ನಿಂತಿತ್ತು. ಅಕ್ಕೋರು ಸೀಟಿನಿಂದ ಅರ್ಧ ಎದ್ದರು. "ಅದಽ ಏನ್ರಿ?"

"ಹೋಟೆಲಿನ ಅಡಿಗಿಮನಿ ಹೊಗಿ."

ಅವರು ನಗಲಿಲ್ಲ. ಅಷ್ಟರಲ್ಲಿ ಬಸ್ಸು ತಿರುಗಿ, ಮೇಲೆ ಚಾವಣಿ ಇದ್ದ ಒಂದು ಗುಹೆಯೊಳಗೆ ಹೊಕ್ಕು ನಿಂತಿತು. ಮೋಡ ಮಾಯವಾಯಿತು. ಬ್ಯಾಡ್ಜು ಹಾಕಿದ ಹುಡುಗಿ ಮೆಟ್ಟಿಲ ಬಳಿ ನಿಂತು ಎಲ್ಲರನ್ನೂ ನೇರ ಒಳಗೇ ಕಳಿಸುತ್ತಿದ್ದಳು. ಬಸ್ಸು ಪುಕ್ಕಟೆ ಎಂದ ಮೇಲೆ ಒಳಗೆ ಹೋಗಿ, ಬಂದ ಗುರುತಿಗೆ ಕೆಸಿನೊದ ಕಾರ್ಡು ಒತ್ತಿಸಲೇಬೇಕು.

ಒಳಗಿನದನ್ನು ನೋಡದವರಿಗೆ ಹೇಗೆ ಹೇಳಲಿ. ಕಿಟಕಿ ಇಲ್ಲ, ಗಡಿಯಾರ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ದೀಪದ ಹೊತ್ತು. ಸಿಗರೇಟಿನ ಹೊಗೆ, ಕಾಲ ಕೆಳಗೆ ಕಣ್ಣು ಕುಕ್ಕುವ ಹೂವಿನ ಕಾರ್ಪೆಟ್ಟು. ಸಾಲು ಸಾಲು ಮಿಷನ್ನುಗಳ ಮುಂದೆ ನಮ್ಮ ವಯಸ್ಸಿನವರು ಪ್ಲಾಸ್ಟಿಕ್ ಬಟ್ಟಲಲ್ಲಿ ಬಿಲ್ಲೆ ಇಟ್ಟುಕೊಂಡು, ಮಿಷನ್ನು ಏನೋ ಹೇಳುತ್ತದೆ ಎಂದು ಕಾಯುತ್ತಾ ಕೂತಿರುತ್ತಾರೆ. ಹೋಟೆಲಿನ ಕೌಂಟರಿಗೆ ಹೋಗಬೇಕಾದರೂ ಅದರ ನಡುವೆಯೇ ದಾರಿ. ನಾನು ಮುಂದೆ, ಇಬ್ಬರು ಅಕ್ಕತಂಗಿಯರು ಹಿಂದೆ. ಒಳಗಿನ ಒಂದೇ ಕಾರಂಜಿಯ ಮುಂದೆ ಎರಡನೇ ಸಲ ಬಂದಾಗ ಅಕ್ಕೋರು ನಿಂತರು.

"ಸಾಹೇಬ್ರ, ನಿಮ್ಮ ಗುರುತಿನ ಗೋಡಿ ಯಾವುದ್ರಿ ಇದರೊಳಗ?"

"ನಿಮಗ ಪೂರ್ತಿ ತೋರಸೂಣಂತ ಸುತ್ತಿಸಾಕತ್ತೀನಿ."

"ನನಗ ಹೊರಗಿಂದು ತೋರಿಸ್ರಿ. ಮೊದಲ ಅದನ್ನ ನೋಡಿ ಬರೂಣ."

ಅವರ ಮಾತು ಕೇಳಬೇಕಿತ್ತು. ಆದರೆ ನನ್ನ ಹೊಟ್ಟೆ ಚುರುಗುಡುತ್ತಿತ್ತು. "ಮೊದಲ ಕ್ವಾಣಿ, ಆಮ್ಯಾಲೆ ಊಟ, ದೀಪ ಹಚ್ಚೂ ಹೊತ್ತಿಗೆ ನಯಾಗರಾ. ಸಂಜಿಗೇ ಭಾಳ ಛಂದ. ನೀರೇನ ಓಡಿ ಹೋಗ್ತಾವೇನ್ರಿ?"

"ಓಡಿ ಹೋಗೂದಽ ಅವುರ ಕೆಲಸ" ಎಂದರು ಅಕ್ಕೋರು. ಆದರೂ ಹಿಂದೆ ಬಂದರು.

ಒಂಬತ್ತನೇ ಮಾಳಿಗೆಯ ಕೋಣೆ. ಪರದೆ ಸರಿಸಿದರೆ ಎದುರಿಗೆ ಕಾರು ನಿಲ್ಲಿಸುವ ಕಟ್ಟಡದ ಸಿಮೆಂಟು ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಚಾಚಲು ಆಗುವುದಿಲ್ಲ, ಕಿಟಕಿ ತೆಗೆಯಲು ಬರುವಂಥದಲ್ಲ. ಕೂಪನ್ನಿನ ಕೋಣೆ. ಅಕ್ಕೋರು ಆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಪರದೆ ಮುಚ್ಚಿ, ಹಾಸಿಗೆಯ ಮೇಲಿನ ಚಾದರ ತೆಗೆದು ನೆಲಕ್ಕೆ ಹಾಸಿದರು. ಆಮೇಲೆ ನಮ್ಮ ಕಾಲು ನೋಡಿದರು.

"ಉಣ್ಣೂ ಕ್ವಾಣ್ಯಾಗ ಬೂಟ ಏನ್ರಿ? ಅದೂ ಹಿಮ ಕರಗಸಾಕ ರಸ್ತೆಗೆ ಹಾಕೂ ಉಪ್ಪು ಮೆತ್ತಿದ್ದು. ತಗೀರಿ, ಹೊರಗ ಇಡ್ರಿ."

ಥಾರ್ನ್‌ಹಿಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮ ದೇಶದವರ ಮನೆ ಯಾವುದೆಂದು ಕಾರಿಡಾರಿನಲ್ಲೇ ಗೊತ್ತಾಗುತ್ತಿತ್ತು; ಬಾಗಿಲ ಮುಂದೆ ಚಪ್ಪಲಿಗಳ ಗುಡ್ಡೆ. ಒಂದು ಚಳಿಗಾಲ ಪೂರ್ತಿ ಅದನ್ನೇ ನೋಡಿದವರಿಗೆ ಇನ್ನೇನು ಅನಿಸಬೇಕು. ನಾವು ಮೂವರೂ ಬೂಟು ಬಿಚ್ಚಿ, ಬಾಗಿಲ ಹೊರಗೆ ಗೋಡೆಗೆ ಒತ್ತಿ ನೀಟಾಗಿ ಜೋಡಿಸಿದೆವು. ಜೋಡಿಸಿದವನು ನಾನೇ. ಜಗತ್ತಿನ ಹೋಟೆಲುಗಳ ಬಗ್ಗೆ ನನಗಿಂತ ತಿಳಿದವರಿಲ್ಲ.

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಉಂಡ ಮೇಲೆ ಹೀಟರಿನ ಶಾಖಕ್ಕೆ ನನ್ನ ಕಣ್ಣು ಎಳೆದವು. ಹೆಂಡತಿಯೂ ಅಡ್ಡಾದಳು. ಅಕ್ಕೋರು ಕೋಟು ಹಾಕಿಕೊಂಡೇ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಎಬ್ಬಿಸಿದ್ದು ಅವರ ದನಿ. ಬಾಗಿಲು ಅರ್ಧ ತೆರೆದು ನಿಂತಿದ್ದರು.

"ಸಾಹೇಬ್ರ, ಇದು ನಿಮ್ಮ ಚಾಷ್ಟಿ ಇದ್ರ ಈಗ ಸಾಕು ಮಾಡ್ರಿ. ಬೂಟ ಎಲ್ಲೆ ಇಟ್ಟೀರಿ?"

ನಾನು ಎದ್ದು ನೋಡಿದೆ. ಕಾರಿಡಾರು ಉದ್ದಕ್ಕೂ ಖಾಲಿ. ನಮ್ಮ ಬೂಟುಗಳಿದ್ದ ಕಡೆ ಕಾರ್ಪೆಟ್ಟಿನ ಮೇಲೆ ಆರು ಒದ್ದೆ ಗುರುತು. ಇದು ನನ್ನ ಕೆಲಸವಲ್ಲ ಎಂದು ತಾಯಿಯಾಣೆ ಹಾಕಿದರೂ ಇಬ್ಬರೂ ನಂಬಲಿಲ್ಲ. ಹೆಂಡತಿ ನನ್ನ ಬ್ಯಾಗು ತೆಗೆದು, ಮಂಚದ ಕೆಳಗೆ ಬಗ್ಗಿ, ಬಾತ್‌ರೂಮಿನ ಟಬ್ಬಿನಲ್ಲೂ ನೋಡಿ ಬಂದಳು. ಅಲ್ಲಿಗೆ ಬಂದಿತ್ತು ನನ್ನ ಕೀರ್ತಿ.

ಕೆಳಗಿನ ಕೌಂಟರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗ ಮೊದಲು ಕೇಳಿದ್ದು, ಬೂಟನ್ನು ಹೊರಗೆ ಯಾಕೆ ಇಟ್ಟಿರಿ ಎಂದು. ನಾವು ಊಟಕ್ಕೆ ಕೂತಿದ್ದೆವು ಎಂದೆ. ಅವನು ಫೋನು ಹಿಡಿದೇ ಯಾರನ್ನೋ ಕರೆದ. ಆಮೇಲೆ ವಿಚಾರಿಸಿ ಹೇಳಿದ: ಒದ್ದೆಯಾದ ಹಳೆಯ ಬೂಟುಗಳನ್ನು ಕಾರಿಡಾರಿನಲ್ಲಿ ಯಾರೋ ಬಿಟ್ಟು ಹೋಗಿದ್ದಾರೆ ಎಂದುಕೊಂಡು ಕ್ಲೀನಿಂಗಿನವರು ಒಯ್ದಿದ್ದಾರೆ, ಅವು ಉಗ್ರಾಣದಲ್ಲಿವೆ, ಕೀಲಿ ಇರುವ ಸೂಪರ್‌ವೈಸರು ಮನೆಗೆ ಹೋಗಿದ್ದಾರೆ, ಬೆಳಿಗ್ಗೆ ಬರುತ್ತಾರೆ. ಬೆಳಿಗ್ಗೆ ನಮ್ಮ ಬಸ್ಸು ಬೆಳಕು ಹರಿಯುವ ಹೊತ್ತಿಗೇ ಆ ಗುಹೆಯಿಂದ ಹೊರಡುವುದಿತ್ತು. ನಾನು ಕಾರ್ಖಾನೆಯಲ್ಲಿ ಫೋರ್‌ಮನ್ನನ್ನೇ ನಡುಗಿಸಿದ ಇಂಗ್ಲಿಷನ್ನೆಲ್ಲ ಬಳಸಿದೆ. ಫಲವಾಗಿ ಟವೆಲ್ ಬಟ್ಟೆಯ ಮೂರು ಜೊತೆ ಬಿಳಿ ಸ್ಲಿಪ್ಪರು ಮೇಲಕ್ಕೆ ಬಂದವು.

ಅಕ್ಕೋರು ಅವನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಕಾಗದದಷ್ಟು ತೆಳು. ಹೊರಗೆ ಕರಗಿದ ಹಿಮ ಮತ್ತೆ ಗಟ್ಟಿಯಾಗುವ ಹೊತ್ತು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಮಂಚದ ಅಂಚಿಗೆ ಕೂತರು. "ಥಾರ್ನ್‌ಹಿಲ್‌ನ್ಯಾಗ ಹದಿನಾಲ್ಕನೇ ಮಾಳಗಿ. ಇಲ್ಲೆ ಒಂಬತ್ತನೇದು. ಐದು ಮಾಳಗಿ ಕೆಳಗ ಇಳದ್ನಿ ನೋಡ್ರಿ ನಾ ಇಡೀ ಚಳಿಗಾಲದಾಗ" ಎಂದರು. ಹೀಟರು ಗುಂಯ್ ಎನ್ನುತ್ತಿತ್ತು. ಜಗತ್ತಿನ ಅಷ್ಟು ದೊಡ್ಡ ನೀರು ಎರಡು ರಸ್ತೆಯಾಚೆ ಬೀಳುತ್ತಿದೆ, ಅದರ ಒಂದು ಸಪ್ಪಳವೂ ಆ ಗೋಡೆ ದಾಟಿ ಬರುತ್ತಿಲ್ಲ. ಅಕ್ಕೋರು ಮಗಳ ಮನೆಯಲ್ಲಿ ಇಷ್ಟು ತಿಂಗಳು ಹೀಗೆ ಕೂತಿದ್ದರು, ನಾವು ಹೋಗಿ ಚಹಾ ಕುಡಿದು ಬರುತ್ತಿದ್ದೆವು.

ಸ್ಲಿಪ್ಪರು ಮೆಟ್ಟಿ ಕೆಳಗಿಳಿದೆ. ಅಂಗಡಿಯಲ್ಲಿ ಟೋಪಿ, ಕಪ್ಪು, ನಯಾಗರಾ ಬರೆದ ಟೀ ಶರ್ಟು ಎಲ್ಲ ಇದ್ದವು, ಕಾಲಿಗೆ ಹಾಕುವಂಥದು ಒಂದೂ ಇರಲಿಲ್ಲ. ಇಲ್ಲಿಗೆ ಬಂದವರು ಹೊರಗೆ ಹೋಗುವುದು ಇಲ್ಲಿ ಯಾರಿಗೂ ಇಷ್ಟವಿಲ್ಲ ಎಂದು ಆಗ ಹೊಳೆಯಿತು. ಮಿಷನ್ನುಗಳ ಸಾಲುಗಳ ನಡುವೆ ಸುತ್ತುವಾಗ ನಮ್ಮ ಬೀಬಿ ಕಂಡರು. ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೆಳಗೆ ಅವರ ಬೂಟುಗಳು, ಗಂಡಸರ ಬೂಟಿನಷ್ಟು ದೊಡ್ಡವು, ಅನಾಥವಾಗಿ ನಿಂತಿದ್ದವು.

ನನ್ನ ಕಷ್ಟ ಹೇಳಿದೆ. ಬೀಬಿ ಮಿಷನ್ನಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಕೊಡುತ್ತೇನೆ, ಆದರೆ ಆ ಜ್ಯೋತಿಷಿ ಅಮ್ಮ ಬಂದು ನನಗೊಂದು ಮಿಷನ್ನು ತೋರಿಸಲಿ ಎಂದರು.

ಮೇಲೆ ಹೋಗಿ ಹೇಳಿದೆ. ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು. ಶಾಲೆಯಲ್ಲಿ ಹೀಗೆ ಒರೆಸಿಕೊಂಡರೆ ಹಿಂದಿನ ಬೆಂಚು ನಡುಗುತ್ತಿತ್ತಂತೆ.

"ಅಂದ್ರ ಬಸ್ಸಿನ್ಯಾಗ ಅಂಗೈ ಚಾಚಿದ್ದು ಇದಕ್ಕೇನ್ರಿ?"

"ಒಂದು ಬಟ್ಟು ಮಾಡಿ ತೋರಿಸಿಬಿಡ್ರಿ, ಅಕ್ಕೋರ. ಯಾವುದರೆ ಒಂದು. ಬೂಟ ಸಿಗತೈತಿ, ನೀವು ನೋಡಿ ಬರ್ತೀರಿ."

"ನಡೀರಿ" ಎಂದರು.

ಮೂವರೂ ಬಿಳಿ ಸ್ಲಿಪ್ಪರಿನಲ್ಲಿ ಹೂವಿನ ಕಾರ್ಪೆಟ್ಟಿನ ಮೇಲೆ ನಡೆದೆವು. ಬೀಬಿ ಆಸೆಯಿಂದ ಎದ್ದು ನಿಂತರು. ಅಕ್ಕೋರು ಅವರ ಎದುರು ನಿಂತು, ಒಂದೊಂದೇ ಶಬ್ದ ಹೆಕ್ಕಿ, ಹಿಂದಿಯಲ್ಲಿ ಹೇಳಿದರು: ನಾನು ಜ್ಯೋತಿಷಿ ಅಲ್ಲ. ಟೀಚರು. ಮಿಷನ್ನಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಇವರು ಸುಳ್ಳು ಹೇಳಿದರು.

ನಾನು ಕಣ್ಣು ಮುಚ್ಚಿಕೊಂಡೆ. ಬೂಟು ಕೈಬಿಟ್ಟಿತು ಎಂದುಕೊಂಡೆ.

ಬೀಬಿ ನನ್ನನ್ನು ಮೇಲಿನಿಂದ ಕೆಳಗೆ, ಸ್ಲಿಪ್ಪರಿನವರೆಗೆ ನೋಡಿದರು. ನನಗೆ ಪಂಜಾಬಿಯಲ್ಲಿ ಏನೋ ಹೇಳಿದರು; ಅರ್ಥವಾಗಲಿಲ್ಲ, ಅಗತ್ಯವೂ ಇರಲಿಲ್ಲ. ಮತ್ತೆ ಅಕ್ಕೋರಿಗೆ, ಏನು ನೋಡಲಿಕ್ಕೆ ಹೋಗಬೇಕು ಎಂದು ಕೇಳಿದರು.

"ಪಾನಿ" ಎಂದರು ಅಕ್ಕೋರು. ನೀರು.

ಬೀಬಿ ನಕ್ಕುಬಿಟ್ಟರು. ಬಸ್ಸು ಶುರುವಾದಾಗಿನಿಂದ ಬರುತ್ತಿದ್ದೇನೆ, ಒಂದು ಸಲವೂ ಹೋಗಿ ನೋಡಿಲ್ಲ, ಎದ್ದರೆ ಸ್ಟೂಲು ಹೋಗುತ್ತದೆ ಎಂದರು. ಬಗ್ಗಿ ತಾವೇ ಬೂಟು ಎತ್ತಿ ಕೊಟ್ಟರು. ನೋಡಿ ಬಂದು ನನಗೆ ಹೇಳು ಎಂದರು.

ಬೂಟು ದೊಡ್ಡದು. ಹೋಟೆಲಿನ ಮುಖ ಒರೆಸುವ ವಸ್ತ್ರಗಳನ್ನು ತುರುಕಿ ಬಿಗಿ ಮಾಡಿದೆವು. ಹೊರ ಬಾಗಿಲು ಹುಡುಕುವುದಕ್ಕೇ ಇನ್ನೊಂದು ಪ್ರದಕ್ಷಿಣೆಯಾಯಿತು. ಬಾಗಿಲ ಹತ್ತಿರ ಹೆಂಡತಿ ಅಕ್ಕನ ತೋಳು ಹಿಡಿದಳು.

"ಒಬ್ಬಾಕೀನಽ ಹ್ಯಾಂಗ ಹೋಗ್ತಿ ಅಕ್ಕಾ? ಅಲ್ಲೆ ಇಳಿಜಾರು, ಐಸು. ಅಳಿಯಾ ಏನಂದಿದ್ದ?"

"ಅವಾ ಇನ್ಶುರೆನ್ಸಿನ ಮಾತಾಡಿದ್ದ. ನಾ ನೀರಿನ ಮಾತಾಡಾಕತ್ತೀನಿ. ಬಿಡು."

ನಾನು ದಾರಿ ಹೇಳಲು ಬಾಯಿ ತೆರೆದೆ. "ಬ್ಯಾಡ್ರಿ" ಎಂದರು. "ಸಪ್ಪಳ ಎತ್ತಾಗ ಕೇಳಸ್ತೈತಿ ಅತ್ತಾಗ ಹೋಗ್ತೀನಿ." ಗಾಜಿನ ಬಾಗಿಲು ತಳ್ಳಿದರು. ಒಂದು ಗಳಿಗೆ ಆ ಮೊರೆತ ಒಳಗೆ ನುಗ್ಗಿತು, ಬಾಗಿಲು ಮುಚ್ಚಿತು, ಮತ್ತೆ ಹಿಂದಿನಿಂದ ಬಿಲ್ಲೆಗಳ ಗಲಗಲ.

ಅಳಿಯನ ಕೋಟು, ಬೀಬಿಯ ಬೂಟು. ಬಾತುಕೋಳಿಯ ಹಾಗೆ ಕಾಲು ಅಗಲಿಸಿ ಇಳಿಜಾರಿನಲ್ಲಿ ಇಳಿದು, ಕಟ್ಟಡದ ಮೂಲೆ ತಿರುಗಿ ಕಾಣದಾದರು.

ನಾನು ಅಲ್ಲೇ ನಿಂತೆ. ಹೆಂಡತಿ ಬೀಬಿಯ ಹತ್ತಿರ ಹೋಗಿ ಕೂತಳು, ಬೂಟಿಗೆ ಜಾಮೀನು ಎಂಬಂತೆ. ಹೊತ್ತು ಹೋಯಿತು. ಛಾವಣಿಗಳ ಮೇಲೆ ನೀರಿನ ಮಂಜು ಒಮ್ಮೆ ಗುಲಾಬಿ, ಒಮ್ಮೆ ಹಸಿರಾಗಿ ಕಾಣುತ್ತಿತ್ತು. ಅಕ್ಕೋರು ಕಾಣುತ್ತಿರಲಿಲ್ಲ. ಜಲಪಾತದ ಅಂಚಿನ ಕಟಕಟೆಯ ಬಳಿಯ ಕಲ್ಲು ಮಂಜು ಕುಡಿದು ಗಾಜಾಗಿರುತ್ತದೆ ಎಂದು ನನಗೆ ಗೊತ್ತು, ಅದನ್ನು ಅವರಿಗೆ ಹೇಳಿರಲಿಲ್ಲ. ಅಳಿಯನಿಗೆ ಫೋನಿನಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟತೊಡಗಿದೆ. ಯಾವ ವಾಕ್ಯವೂ ಎರಡನೇ ಪದ ದಾಟಲಿಲ್ಲ. ತಡೆಯಲಾರದೆ ಹೊರಗೆ ಹೋದೆ. ಸ್ಲಿಪ್ಪರು ಹಿಮದ ರಾಡಿಯನ್ನು ಹೀರಿ ಪಾದಕ್ಕೆ ಅಂಟಿತು. ಇಳಿಜಾರಿನ ತಲೆಯಲ್ಲೇ ಕಾಲು ಜಾರಿ, ಕಂಬ ತಬ್ಬಿಕೊಂಡು, ತೆವಳುವಂತೆ ಒಳಗೆ ಬಂದೆ. ಸೆಕ್ಯುರಿಟಿಯವನು ಬಂದು, ಟ್ಯಾಕ್ಸಿಗೆ ಕಾಯುತ್ತೀರಾ ಎಂದು ಕೇಳಿದ.

"ಟೀಚರಿಗೆ" ಎಂದೆ. ಅವನು ನನ್ನ ಕಾಲು ನೋಡಿ ಹೊರಟುಹೋದ.

ಕೊನೆಗೂ ಮೂಲೆಯಲ್ಲಿ ಕೋಟು ಕಾಣಿಸಿತು. ಒಂದೊಂದೇ ಹೆಜ್ಜೆ ಒತ್ತಿ ಏರಿ ಬಂದರು. ತಲೆಗೆ ಸುತ್ತಿದ ಶಾಲಿನ ಅಂಚಿಗೆ ಹರಳು ಪೋಣಿಸಿದಂತೆ ಮಂಜುಗಡ್ಡೆ. ಕನ್ನಡಕ ಬೆಳ್ಳಗೆ ಮುಸುಕಿತ್ತು. ಬಾಗಿಲ ಮುಂದೆ ಬಂದು ನಿಂತರು, ಒಳಗೆ ಬರಲಿಲ್ಲ. ನಾನೇ ಬಾಗಿಲು ತೆರೆದು ಹಿಡಿದೆ.

"ಬರ್ರಿ ಒಳಗ, ಅಕ್ಕೋರ. ಥಂಡಿ ಹೊಡೀತೈತಿ. ಹೆಂಗಿತ್ರಿ?"

"ಬಣ್ಣದ ದೀಪ ಯಾಕ ಬಿಟ್ಟಾರ್ರಿ ಅದಕ್ಕ? ಮದುವಿ ಹಂದರದಂಗ." ಉಸಿರು ಸುಧಾರಿಸಿಕೊಂಡರು. "ನಡುವ ಒಂದೀಟು ಬಿಳಿ ದೀಪ ಬಂತು. ಆವಾಗ ನೋಡಿದೆ. ನಾ ಕಲಿಸಿದ್ದು ತಪ್ಪಿತ್ರಿ, ಸಾಹೇಬ್ರ."

"ಏನು ತಪ್ಪು?"

"ಬೋರ್ಡಿನ ಮ್ಯಾಲೆ ಅಂಚಿನಿಂದ ಕೆಳಗ ಬರೇ ಗೆರಿ ಎಳೀತಿದ್ದೆ, ಬಿತ್ತು, ಬಿತ್ತು ಅಂತ. ಬೀಳೂದು ಅಲ್ಲೆ ಕಾಣೂದಽ ಇಲ್ಲ, ಬರೇ ಹೊಗಿ. ಕಾಣೂದು ಬೀಳೂಕಿಂತ ಮೊದಲಿಂದು. ಅಂಚಿನ ಮ್ಯಾಲೆ ಹಸರ ಗಾಜಿನಂಗ ಬಗ್ಗತೈತಿ, ದಪ್ಪಗ, ಅವಸರ ಇಲ್ದ. ಅದನ್ನ ಯಾ ಪುಸ್ತಕದಾಗೂ ಬರದಿಲ್ಲ."

"ಆತು, ಒಳಗ ಬಂದು ಹೇಳ್ರಿ."

"ಒಳಗ ಬರೂದಿಲ್ಲ ನಾ. ಚಾ ಸಿಗತೈತೇನ್ರಿ ಅಲ್ಲೆ? ಇಲ್ಲೇ ತಂದು ಕೊಡ್ರಿ."

ಒದ್ದೆ ಸ್ಲಿಪ್ಪರಿನಲ್ಲಿ ಪಚಪಚ ಎನ್ನುತ್ತಾ ಹೋಗಿ ಕಾಗದದ ಲೋಟದಲ್ಲಿ ಚಹಾ ತಂದೆ. ಬಾಗಿಲನ್ನು ಮೊಣಕೈಯಿಂದ ತಳ್ಳಿ ಹಿಡಿದು ಕೊಟ್ಟೆ. ಅವರು ಹೊರಗೆ, ನಾನು ಒಳಗೆ. ಎರಡೂ ಕೈಯಲ್ಲಿ ಲೋಟ ಹಿಡಿದು, ನನಗೆ ಬೆನ್ನು ಮಾಡಿ, ಮೊರೆತದ ಕಡೆ ಮುಖ ಮಾಡಿ ಕುಡಿದರು. ಪೂರ್ತಿ ಕುಡಿದು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟರು.

"ಆಕಿಗೆ ಹೇಳ್ರಿ, ಬೂಟ ಇನ್ನಷ್ಟು ಹೊತ್ತು ಬೇಕು" ಎಂದು, ಮತ್ತೆ ಕಾಲು ಅಗಲಿಸಿ ಇಳಿಜಾರಿನ ಕಡೆ ನಡೆದರು.

ಲೋಟ ಹಿಡಿದು ಮಿಷನ್ನುಗಳ ಸಾಲಿಗೆ ಬಂದೆ. ಬೀಬಿ ಬಿಲ್ಲೆ ಹಾಕುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಹೆಂಡತಿ ಕಾಲು ಮೇಲೆತ್ತಿ ಕೂತಿದ್ದಳು.

"ಅಕ್ಕ ಎಲ್ಲೆ?" ಎಂದಳು.

"ಬಂದಿದ್ರು" ಎಂದೆ. "ಮತ್ತ ಹ್ವಾದ್ರು."